ಇತರೆ, ಇದ್ದರೆ ಬರೆಯಿರಿ

ಈ ವರ್ಷವೂ ಲಕೋಟೆ ಬಂದಿದೆ, ದಕ್ಷಿಣದ ಪಟ್ಟಣದಿಂದ.
ಹದಿನಾರು ಪುಟ. ಮೇಲೆ ನನ್ನ ನಂಬರು.
ಹೆಸರು ಬೇಡವಂತೆ, ಗುಟ್ಟು ಕಾಯುತ್ತಾರಂತೆ.
ನಮ್ಮ ಕಣಿವೆಯಲ್ಲಿರುವುದು ಹನ್ನೊಂದು ಮನೆ,
ಕತ್ತಲಲ್ಲಿ ಕೆಮ್ಮಿದರೂ ಯಾರೆಂದು ಗೊತ್ತಾಗುತ್ತದೆ.

ಮೊದಲ ಸಲ ಬಂದಾಗ ನನಗೆ ಒಂಬತ್ತು.
ಶಾಲೆಯಂಗಳದಲ್ಲಿ ಬಿಳಿ ವ್ಯಾನು, ಒಳಗೊಂದು ಕುರ್ಚಿ.
ತಣ್ಣನೆಯ ಡಬ್ಬಿಯೊಂದನ್ನು ಮಡಿಲಲ್ಲಿಟ್ಟು
ಬಾಗಿ ತಬ್ಬಿಕೋ ಅಂದರು, ಹತ್ತು ನಿಮಿಷ ಅಲುಗಬೇಡ.
ಆ ವಸಂತದ ಮಳೆ ಎಲ್ಲಿಯದೋ ಬೆಂಕಿಯ ಧೂಳು ತಂದಿತ್ತು.
ಕಲ್ಲುಹೂವಿಗೆ ಇಳಿದದ್ದು
ಕಲ್ಲುಹೂವು ಮೇಯುವ ಹಿಮಸಾರಂಗಕ್ಕೆ,
ಸಾರಂಗದಿಂದ ನಮಗೆ,
ಬಳುವಳಿಯ ಹಾಗೆ ಕೈಯಿಂದ ಕೈಗೆ.
ಸಾಲಿನಲ್ಲಿದ್ದ ಅಣ್ಣ ಯೊಂತ ಮೆಳ್ಳಗಣ್ಣು ಮಾಡಿ
ನಗಿಸಲು ನೋಡಿದ. ನಾನು ಅಲುಗಲಿಲ್ಲ.
ಆಮೇಲೆ ಕಾಗದ ಬಂತು, ಇಷ್ಟು ಬೆಕರೆಲ್.
ಅವನದು ನನಗಿಂತ ಜಾಸ್ತಿ.
ಗೆದ್ದೆ, ಅಂದ.

ಎಲೆ ಉದುರುವ ಕಾಲಕ್ಕೆ ಮಾಂಸವನ್ನೂ ಅಳೆದರು.
ಮಿತಿ ಮೀರಿದ್ದಕ್ಕೆ ನೀಲಿ ಬಣ್ಣ ಎರಚಿದರು,
ಯಾರೂ ಕದ್ದು ತಿನ್ನದಿರಲೆಂದು.
ಅಪ್ಪ ಕಿವಿಯ ಕಚ್ಚು ನೋಡಿ ಇದು ಇಂಥವರದು
ಅನ್ನುತ್ತಿದ್ದ, ನೀಲಿ ಬಿದ್ದ ಮೇಲೂ, ಯಾರೂ ಕೇಳದಿದ್ದರೂ.
ರಕ್ತದ ಕಡುಬಿಗೆಂದು ಬಾನಿ ಹೊತ್ತು ಬಂದಿದ್ದ ಅಜ್ಜಿ
ಖಾಲಿ ಬಾನಿಯನ್ನೇ ತೊಳೆದಳು.
ಮತ್ತೊಮ್ಮೆ ತೊಳೆದಳು.
ಗುಂಡಿಗಿಳಿದ ಕಾಗೆಗಳಿಗೆ ಯಾರೂ ಮಿತಿ ಹೇಳಿರಲಿಲ್ಲ.

ವರ್ಷ ವರ್ಷವೂ ಬಂದರು. ಉಗುರು, ಕೂದಲು, ಉಚ್ಚೆ ಒಯ್ದರು.
ಒಳ್ಳೆಯವರೇ, ದೂರಬಾರದು.
ಒಬ್ಬಾಕೆ ನಮ್ಮಂತೆ ಕಾಫಿಗೆ ಗಿಣ್ಣಿನ ತುಂಡು ಮುಳುಗಿಸುವುದನ್ನೂ ಕಲಿತಳು.
ಕೊನೆಗೊಂದು ಪುಸ್ತಕ ಬಂತು, ದಪ್ಪ ರಟ್ಟು:
ಸಾಮಿ ಜನರಲ್ಲಿ ಕ್ಯಾನ್ಸರು ನಿರೀಕ್ಷೆಗಿಂತ ಹೆಚ್ಚೇನಿಲ್ಲ.
ಸಂತೋಷ. ನಿಜಕ್ಕೂ ಸಂತೋಷ.
ಲೈಸಾ ಚಿಕ್ಕಮ್ಮನ ಕಿಟಕಿಗೆ ಅದೇ ಆನಿಕೆ ಈಗ,
ಗಾಳಿಗೆ ಪಟಪಟ ಅನ್ನದಂತೆ.

ಯೊಂತನೂ ಇದ್ದಾನೆ ಅದರಲ್ಲಿ,
ಏಳನೆಯ ಕೋಷ್ಟಕದಲ್ಲಿ,
"ಮುಂದೆ ಸಂಪರ್ಕಕ್ಕೆ ಸಿಗದವರು" ಅನ್ನುವ ಸಾಲಿನಲ್ಲಿ.
ಆ ಚಳಿಗಾಲ ಹಿಮದ ಮೇಲೆ ಮಳೆ ಸುರಿದು,
ಹೆಪ್ಪುಗಟ್ಟಿ, ಕಲ್ಲುಹೂವಿಗೆ ಗಾಜಿನ ಬಾಗಿಲು ಹಾಕಿತ್ತು.
ಕಾಣುವ ಮೇವಿನ ಮೇಲೆ ನಿಂತು ಅರ್ಧ ಮಂದೆ ಹಸಿದು ಬಿತ್ತು.
ಮಾರ್ಚಿಯ ಒಂದು ಬೆಳಗ್ಗೆ, ಮೂವತ್ತೊಂದರ ಅಣ್ಣ
ಸ್ನೋಸ್ಕೂಟರಿನ ಕೀಲಿ ಮೇಜಿನ ಮೇಲಿಟ್ಟು
ಹಿಂದೆ ಬರುವ ನಾಯಿಯನ್ನು ಕಟ್ಟಿಹಾಕಿ
ನಡೆದೇ ಹೋದ.
ಅವನ ಕೊನೆಯ ಬೆಕರೆಲ್ ತೀರಾ ಕಡಿಮೆ. ಆರೋಗ್ಯವಂತ.

ಈಗಿನ ಲಕೋಟೆ ಬೇರೆ ಥರದ್ದು, ನೆಮ್ಮದಿಯ ಬಗ್ಗೆ.
ಕಳೆದ ಎರಡು ವಾರದಲ್ಲಿ ನೀವು ನೆಮ್ಮದಿಯಾಗಿದ್ದಿರಾ?
ಒಮ್ಮೆಯೂ ಇಲ್ಲ. ಕೆಲವು ದಿನ. ಬಹುತೇಕ ದಿನ.
ಯಾವ ಎರಡು ವಾರ ಅಂತ ಹೇಳಬೇಕಿತ್ತು.
ಸಾರಂಗಗಳು ಮರಿ ಹಾಕುವ ಎರಡು ವಾರ
ನಿದ್ದೆಯಿಲ್ಲ, ಹೊತ್ತಿಗೆ ಊಟವಿಲ್ಲ, ಸೊಂಟ ಮುರಿದ ಹಾಗೆ,
ಜಗತ್ತಿನಲ್ಲಿ ನನ್ನಷ್ಟು ಸುಖಿ ಇನ್ನೊಬ್ಬಳಿಲ್ಲ.
ಇದಕ್ಕೆ ಯಾವ ಚೌಕಕ್ಕೆ ಗೆರೆ ಎಳೆಯಲಿ?

ಅಡಿಯಲ್ಲಿ ಸಂಶೋಧಕಿಯ ಸಹಿ: ನಿಲ್ಲೆ.
ಯೊಂತನ ಮಗಳು. ಅವನು ಹೋದಾಗ ಅವಳಿಗೆ ನಾಲ್ಕು.
ಪಟ್ಟಣದಲ್ಲಿ ಬೆಳೆದಳು, ಸ್ವೀಡಿಷ್ ಆಡುತ್ತಾಳೆ.
ಆದರೂ ಹದಿನಾರನೆಯ ಪುಟದ ಒಂದೇ ಒಂದು ಪ್ರಶ್ನೆ
ನಮ್ಮ ನುಡಿಯಲ್ಲಿದೆ, ಎರಡು ಕಡೆ ಕಾಗುಣಿತ ತಪ್ಪಿ:
ಯಾರ ಜೊತೆ ಕೂತು ಉಣ್ಣುತ್ತೀರಿ?
ನಾನು ತಿದ್ದಲಿಲ್ಲ.
ಅದರ ಕೆಳಗೆ, ಇತರೆ, ಇದ್ದರೆ ಬರೆಯಿರಿ.
ಎರಡು ಗೆರೆ ಬಿಟ್ಟಿದ್ದಾಳೆ.

ಮೊದಲ ಗೆರೆಯಲ್ಲಿ ಬರೆದೆ:
ನಿನ್ನ ಮುತ್ತಜ್ಜಿಯ ಬಾನಿ ನನ್ನ ಹತ್ತಿರವಿದೆ.
ಎರಡನೆಯದಕ್ಕೆ ಪೆನ್ನು ಊರಿ
ಹತ್ತು ನಿಮಿಷವಾಯಿತು,
ಅಲುಗದೆ ಕೂತಿದ್ದೇನೆ.